ಮೊದಲು ಹೆಣ್ಣುಗಳು

ಮಾರ್ಚ್ ೩, ಮಂಗಳವಾರ. ಮಧ್ಯಾಹ್ನ ೧:೧೦

ಬಸವನಹುಳುಗಳಿಗೆ ಸೊಪ್ಪು ಹಾಕಿ ಆಯಿತು. ನಮ್ಮ ಹುಳುಗಳ ಮರಿಗಳು ಮೊದಲು ಬೆಳೆಯುವುದು ಇವುಗಳ ಮೈಯೊಳಗೇ. ಮೂರನೇ ತೊಟ್ಟಿಯ ನೀರು ಮತ್ತೆ ಹಸಿರು. ನಾಳೆ ಬದಲಿಸಬೇಕು.

ಬೆಳಗ್ಗೆಯಿಂದ ಮೂವತ್ತೊಂದು ಜೋಡಿ ಹುಳು ಬಿಡಿಸಿದೆ. ಮಂಪರಿನ ಔಷಧಿ ಎರಡು ಹನಿ, ಐದು ನಿಮಿಷ — ಗಂಡು ಸಡಿಲವಾಗುತ್ತದೆ. ಅದರ ಮೈಯ ಮಡಿಕೆಯೊಳಗೆ ಮಲಗಿರುವ ಹೆಣ್ಣನ್ನು ಸಣ್ಣ ಕುಂಚದಿಂದ ಮೆಲ್ಲಗೆ ಎಳೆಯುವುದು. ದಾರದಷ್ಟು ತೆಳು. ಇವತ್ತು ಒಂದೂ ಹರಿಯಲಿಲ್ಲ. ಹದಿನಾರು ವರ್ಷದಿಂದ ಇದೇ ಉದ್ಯೋಗ, ರಕ್ತನಾಳದಲ್ಲಿ ಬದುಕುವ ಹುಳುಗಳ ಸಂಸಾರ ಮುರಿಯುವುದು. ಲ್ಯಾಬಿನವರು ಹೆಸರೂ ಇಟ್ಟಿದ್ದಾರೆ: ಹುಳದಕ್ಕ.

ಗುಬ್ಬಿ ಊಟಕ್ಕೂ ಹೋಗದೆ ಅವಳ ಸೋಸುವ ಯಂತ್ರದ ಮುಂದೆ ಕೂತಿದ್ದಾಳೆ. ನಮ್ಮ ಸಂಶೋಧನಾ ವಿದ್ಯಾರ್ಥಿನಿ. ತಿನ್ನುವುದೂ ಓಡಾಡುವುದೂ ಗುಬ್ಬಿಯ ಹಾಗೆಯೇ. ಗಂಡಿನ ಮಡಿಕೆ ಸೇರದ ಹೆಣ್ಣು ಹುಳು ಬೆಳೆಯುವುದೇ ಇಲ್ಲ, ಮೊಟ್ಟೆಯ ಮಾತು ದೂರ. ಸೇರಿ ಬೇರ್ಪಟ್ಟದ್ದೂ ಕೆಲವು ವಾರಗಳಲ್ಲಿ ಸೊರಗುತ್ತದೆ. ಗಂಡು ಏನೋ ಒಂದು ರಾಸಾಯನಿಕ ಬಿಡುತ್ತದೆ, ಅದೇ ಹೆಣ್ಣಿಗೆ ಅಪ್ಪಣೆ ಎಂದು ಗುಬ್ಬಿಯ ವಾದ. ಆ ‘ಏನೋ’ ಯಾವುದು ಎಂದು ನಾಲ್ಕು ವರ್ಷದಿಂದ ಹುಡುಕುತ್ತಿದ್ದಾಳೆ. ಗಂಡುಗಳು ಬದುಕಿದ ದ್ರವ ಸೋಸುತ್ತಾಳೆ, ಹೆಪ್ಪುಗಟ್ಟಿಸುತ್ತಾಳೆ, ಹೆಣ್ಣುಗಳಿಗೆ ಕೊಡುತ್ತಾಳೆ. ಏನೂ ಆಗುವುದಿಲ್ಲ. ಮೇ ತಿಂಗಳಿಗೆ ಅವಳ ಅವಧಿ ಮುಗಿಯುತ್ತದೆ.

ನನ್ನ ಪಾಲಿಗೆ ೭ನೇ ತಟ್ಟೆ. ಇಪ್ಪತ್ತನಾಲ್ಕು ಗುಳಿ, ಗುಳಿಗೊಂದು ಹೆಣ್ಣು, ಹುಟ್ಟಿದಾಗಿನಿಂದ ಗಂಡಿನ ಮುಖ ನೋಡದವು. ಇವಕ್ಕೆ ಬರೀ ಪೋಷಕ ದ್ರವ, ಬೇರೇನೂ ಇಲ್ಲ. ಇವು ಮೊಟ್ಟೆ ಇಡಬಾರದು. ಉಳಿದದ್ದನ್ನೆಲ್ಲ ಇವುಗಳ ಜೊತೆ ಹೋಲಿಸಿ ನೋಡಬೇಕು. ೮ನೇ ತಟ್ಟೆಯಲ್ಲಿ ಬರೀ ಗಂಡುಗಳು. ದಿನಾ ಹಳೇ ದ್ರವ ಅರ್ಧ ತೆಗೆದು ಹೊಸದು ಹಾಕುವುದು. ದೊಡ್ಡ ಬಾಟಲಿಯಿಂದ ಚಿಕ್ಕ ಬೀಕರಿಗೆ ಸುರಿದುಕೊಳ್ಳಬೇಕು. ಮೊದಲು ಹೆಣ್ಣುಗಳು, ಆಮೇಲೆ ಗಂಡುಗಳು, ಬೀಕರಿನಲ್ಲಿ ಉಳಿದದ್ದು ಸಿಂಕಿಗೆ. ಈ ಕ್ರಮ ಗೋಡೆ ಮೇಲೆ ಬರೆದು ಅಂಟಿಸಿದವಳೇ ನಾನು.

ಮನೆಯ ಬಚ್ಚಲಲ್ಲಿ ನನ್ನ ಗಂಡನ ಶೇವಿಂಗ್ ಸೋಪು ಇನ್ನೂ ಇದೆ. ಅವರು ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳು. ಎಸೆಯಬೇಕು.

ಮಾರ್ಚ್ ೫, ಗುರುವಾರ. ೨:೫೦

ಅವರ ಮೆಸೇಜು. ‘ನಾಲ್ಕಕ್ಕೆ ನಿಮ್ಮ ಆಫೀಸ್ ಕೆಳಗೆ ಇರ್ತೀನಿ. ಮಾತಾಡ್ಬೇಕು.’

ಇಷ್ಟೇ. ಮೂರು ಸಲ ಓದಿದೆ. ಬಸವನಹುಳುವಿನ ತೊಟ್ಟಿಯ ಗಾಜಿನಲ್ಲಿ ಮುಖ ನೋಡಿಕೊಂಡೆ. ಥೂ.

೫:೪೦. ಬಸ್ ಸ್ಟಾಪಿನಲ್ಲಿ

ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮನೆಗೆ ಹೋಗಿ ಪಾತ್ರೆ ಎತ್ತಿ ಕುಕ್ಕುತ್ತೇನೆ.

ಮೂರೂಕಾಲಿಗೆ ಎರಡು ತಟ್ಟೆ ಬಾಕಿ ಇತ್ತು. ಗಂಡುಗಳ ತಟ್ಟೆ ಎದುರಿಗೇ ಇತ್ತು, ಅದನ್ನೇ ಮೊದಲು ಎಳೆದುಕೊಂಡೆ. ಬೀಕರಿಗೆ ಸುರಿಯಲೂ ಪುರುಸೊತ್ತಿಲ್ಲ, ಡ್ರಾಪರ್ ನೇರ ದೊಡ್ಡ ಬಾಟಲಿಗೆ. ಹೇಗೋ ಮುಗಿಸಿ, ತಲೆ ಬಾಚಿ, ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಈ ವಯಸ್ಸಿನಲ್ಲಿ.

ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು. ಲಿಫ್ಟ್ ಕಂಪನಿಯ ಯೂನಿಫಾರಂ. ಸ್ವಲ್ಪ ಸೊರಗಿದ್ದಾರೆ.

“ಚೆನ್ನಾಗಿದ್ದೀಯಾ?”

“ಹೂಂ.”

“ಆ ಡ್ರಿಲ್ ಮೆಷಿನ್ ಇದೆಯಲ್ಲ, ಅಟ್ಟದ ಮೇಲೆ. ಅದು ಬೇಕಿತ್ತು.”

“ಇದಕ್ಕೇನಾ ಕರೆದಿದ್ದು?”

“ಮತ್ತೆ? ನೀನಿಲ್ಲದಾಗ ಮನೆಗೆ ಬಂದು ತಗೊಂಡು ಹೋಗೋದು ಸರಿಯಲ್ಲ ಅಂತ ಕೇಳಿದೆ.”

ಅದೂ ಮರ್ಯಾದೆಯೇ. ಶನಿವಾರ ಬಂದು ಒಯ್ಯಿರಿ ಎಂದೆ. ಅದಕ್ಕೆ ಮೆಟ್ಟಿಲು ಹಾರಿದೆನಲ್ಲ ಎಂದು ಈಗ ಸಿಟ್ಟು ಬರುತ್ತಿದೆ. ಅವರ ಮೇಲಲ್ಲ. ನನ್ನ ಮೇಲೆ.

ಮಾರ್ಚ್ ೬, ಶುಕ್ರವಾರ

ಕೆಲಸ. ಜೋಡಿ ಬಿಡಿಸಿದ್ದು ಹದಿನೆಂಟು. ಒಂದು ಹರಿಯಿತು.

ಮಾರ್ಚ್ ೭, ಶನಿವಾರ

ಬಂದರು. ಡ್ರಿಲ್ ಒಯ್ದರು. ನೀರೂ ಕುಡಿಯಲಿಲ್ಲ.

ಮಾರ್ಚ್ ೧೭, ಮಂಗಳವಾರ. ೧೦:೩೫

೭ನೇ ತಟ್ಟೆಯಲ್ಲಿ ಮೊಟ್ಟೆ.

ಮೊದಲು ಕಸ ಎಂದುಕೊಂಡೆ. ಲೆನ್ಸ್ ಒರೆಸಿದೆ. ಕಸವಲ್ಲ. ಮೊಟ್ಟೆ, ಪಕ್ಕದಲ್ಲಿ ಸಣ್ಣ ಮುಳ್ಳಿನ ಸಮೇತ. ಇನ್ನೊಂದು ಗುಳಿ, ಇನ್ನೊಂದು. ಇಪ್ಪತ್ತನಾಲ್ಕರಲ್ಲಿ ಹದಿಮೂರು. ಒಳಗೆ ಜೀವವಿಲ್ಲದ ಬರಡು ಮೊಟ್ಟೆಗಳೇ. ಆದರೂ ಇಟ್ಟಿವೆ. ಹೆಣ್ಣುಗಳು ಉದ್ದವಾಗಿವೆ, ಮೈ ತುಂಬಿವೆ, ಬಣ್ಣ ಬಂದಿದೆ.

ಗುಬ್ಬಿಯನ್ನು ಕರೆದೆ. ನೋಡಿದಳು.

“ಅಕ್ಕ, ಇದಕ್ಕೆ ಬರೀ ದ್ರವ ತಾನೆ ಹಾಕಿದ್ದು?”

“ಬರೀ ದ್ರವ.”

“ಒಂದು ಗಂಡೂ ತಪ್ಪಿ ಬಿದ್ದಿಲ್ಲ?”

“ನನ್ನ ಕೈಯಿಂದ? ನೀನೇ ಹುಡುಕಿಕೋ.”

ಗುಳಿ ಗುಳಿ ಹುಡುಕಿದಳು. ಒಂದೂ ಇಲ್ಲ. ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನಾಲ್ಕು ವರ್ಷ ಹುಡುಕಿದ್ದು ಬೇಕಾಗಿಯೇ ಇರಲಿಲ್ಲ ಎಂದಾದರೆ ಯಾರಿಗೆ ತಾನೆ ಸಂಕಟವಾಗುವುದಿಲ್ಲ. ನಾನು ಮಾತ್ರ ಒಳಗೊಳಗೆ ನಗುತ್ತಿದ್ದೆ. ಪಾಪ ಎಂದುಕೊಂಡೇ.

ಮಾರ್ಚ್ ೧೮, ಬುಧವಾರ

ಪ್ರೊಫೆಸರ್ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಮಾತಾಡಿದರು. ನಮ್ಮ ಲ್ಯಾಬಿನ ಮುಖ್ಯಸ್ಥರು ನಿಂತರೆ ವಿಷಯ ದೊಡ್ಡದು ಎಂದೇ ಅರ್ಥ.

“ಗಂಡಿನ ಹಂಗಿಲ್ಲದೆ ಹೆಣ್ಣು ಬೆಳೀತದೆ. ಇದನ್ನ ಯಾರೂ ಹೇಳಿಲ್ಲ. ಗುಬ್ಬಿ, ನಿನ್ನ ವಾದ ತಿರುಗಿಸಿ ಬರಿ. ಮೂವತ್ತೊಂದಕ್ಕೆ ಲೇಖನ ಹೋಗ್ಬೇಕು.”

“ಇನ್ನೊಂದ್ಸಲ ಮಾಡಿ ನೋಡೋದು ಬೇಡ್ವಾ ಸರ್?”

“ಬರೀ ಹೆಣ್ಣುಗಳ ೯ನೇ ತಟ್ಟೆ ನಡೀತಿದೆಯಲ್ಲ, ಅದರ ಫಲಿತಾಂಶಾನೂ ಸೇರಿಸ್ಕೋ.” ನನ್ನ ಕಡೆ ತಿರುಗಿ, “ನಿಮ್ಮ ಪುಸ್ತಕ ಕಣ್ಣಿಗೊತ್ತಿಕೊಳ್ಳೋ ಹಾಗಿರುತ್ತೆ. ಅದೇ ನಮಗೆ ಸಾಕ್ಷಿ.”

ಲ್ಯಾಬ್ ಪುಸ್ತಕ. ದಿನದ ಸಾಲು, ಸಾಲಿನಲ್ಲಿ ನಾಲ್ಕು ಟಿಕ್: ಬೀಕರ್, ಹೆಣ್ಣು, ಗಂಡು, ಸಿಂಕ್.

ಸಂಜೆ ಅಕ್ಕನ ಫೋನು. ಯಥಾಪ್ರಕಾರ ಅದೇ ರಾಗ: “ಒಬ್ಬಳೇ ಹೀಗೆ ಎಷ್ಟು ದಿನ ಇರ್ತೀಯೆ? ಅವನಿಗೆ ಒಂದು ಮಾತು ಹೇಳಿ ಕರ್ಕೋಬಾರದಾ?”

“ಅಕ್ಕ, ನಮ್ಮ ಹುಳುಗಳು ಒಂಟಿಯಾಗೇ ಮೊಟ್ಟೆ ಇಟ್ವು.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

ಏನೂ ಇಲ್ಲ. ಹುಳು ಹುಳುವೇ, ನಾನು ನಾನೇ. ಆದರೂ ಮನೆಗೆ ಬಂದವಳೇ ಬಚ್ಚಲ ಕಪಾಟು ತೆರೆದು ಆ ಸೋಪು ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಚೆನ್ನಾಗಿ ನಿದ್ದೆ ಬಂತು.

ಮಾರ್ಚ್ ೨೪, ಮಂಗಳವಾರ. ೧೨:೨೦

೯ನೇ ತಟ್ಟೆ ಖಾಲಿ.

ಹನ್ನೊಂದು ದಿನವಾಯಿತು. ಅದೇ ಬಸವನಹುಳುಗಳಿಂದ ಬಂದ ಹೆಣ್ಣುಗಳು, ಅದೇ ದ್ರವ, ಅದೇ ಕೈ. ಒಂದು ಮೊಟ್ಟೆಯೂ ಇಲ್ಲ. ಎಲ್ಲ ಸಣ್ಣಗೆ, ಬಿಳಿಚಿಕೊಂಡು ಬಿದ್ದಿವೆ. ೭ನೇ ತಟ್ಟೆಯವೂ ಒಂದೊಂದಾಗಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತಿವೆ.

ಗುಬ್ಬಿ ಟೈಪ್ ಮಾಡುತ್ತಲೇ ಹೇಳಿದಳು: “ತಟ್ಟೆಯಿಂದ ತಟ್ಟೆಗೆ ವ್ಯತ್ಯಾಸ ಇರುತ್ತೆ ಅಂತ ಸರ್ ಅಂದ್ರು. ಒಂದು ಸಾಲು ಹಾಕಿದ್ರೆ ಸಾಕಂತೆ.”

ವ್ಯತ್ಯಾಸ ಏನಿದೆ? ಒಂದೇ ಒಂದು. ೧೩ನೇ ತಾರೀಕು ಹಳೇ ದೊಡ್ಡ ಬಾಟಲಿ ಮುಗಿಯುತ್ತ ಬಂದಿತ್ತು, ಹೊಸದು ತೆರೆದೆ. ೯ನೇ ತಟ್ಟೆ ಶುರುವಾದದ್ದೇ ಹೊಸ ಬಾಟಲಿಯಿಂದ.

೨:೧೫

ಲ್ಯಾಬ್ ಪುಸ್ತಕ ಹಿಂದಕ್ಕೆ ತಿರುವಿದೆ. ಎಲ್ಲ ದಿನ ನಾಲ್ಕೂ ಟಿಕ್. ಅಚ್ಚುಕಟ್ಟು. ಸಮಾಧಾನವಾಗಲಿಲ್ಲ. ಆಮೇಲೆ ಈ ನೋಟ್‌ಬುಕ್ ತೆಗೆದು ನನ್ನ ಗೀಚಾಟವನ್ನೇ ಓದಿದೆ. ಮಾರ್ಚ್ ೫.

ಗಂಡುಗಳ ತಟ್ಟೆ ಮೊದಲು. ಡ್ರಾಪರ್ ನೇರ ದೊಡ್ಡ ಬಾಟಲಿಗೆ.

ನನ್ನದೇ ಅಕ್ಷರ.

ಇಪ್ಪತ್ತನಾಲ್ಕು ಗುಳಿ ಗಂಡುಗಳು. ಗುಳಿಯಿಂದ ಹಳೇ ದ್ರವ ಹೀರು, ಚೆಲ್ಲು, ಡ್ರಾಪರ್ ನೀರಿಗೆ ಅದ್ದು, ಬಾಟಲಿಗೆ ಅದ್ದು. ಇಪ್ಪತ್ತನಾಲ್ಕು ಸಲ. ಡ್ರಾಪರಿನ ಗಾಜಿಗೆ ಅಂಟಿಕೊಂಡದ್ದು ಅಷ್ಟಷ್ಟೇ ಬಾಟಲಿಗೆ ಹೋಗಿದೆ. ಅದೇ ಬಾಟಲಿಯಿಂದ ಎಂಟು ದಿನ ೭ನೇ ತಟ್ಟೆಗೆ ಕೊಟ್ಟಿದ್ದೇನೆ. ಆ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಬೆಳೆಯಲಿಲ್ಲ. ನಾನೇ ದಿನಾ ಉಣಿಸಿದೆ.

ಅವತ್ತಿನ ಸಾಲಿನಲ್ಲೂ ನಾಲ್ಕು ಟಿಕ್ ಇವೆ. ಹೇಗೆ? ಹೇಗೆಂದರೆ ಬೆಳಗ್ಗೆಯೇ ಹಾಕಿಬಿಡುತ್ತೇನೆ. ಆರೇಳು ವರ್ಷದಿಂದ. ಹೇಗೂ ಮಾಡಿಯೇ ಮಾಡುತ್ತೇನಲ್ಲ ಎಂದು.

ಮಾರ್ಚ್ ೨೫, ಬುಧವಾರ

ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು ಹೇಳೋಣ ಎಂದುಕೊಂಡೆ. ಹತ್ತು ದಿನ ಬೇಕು. ಇರುವುದು ಆರು.

ಹಳೇ ಬಾಟಲಿ ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಸಿಕ್ಕಿತು. ತಳದಲ್ಲಿ ಎರಡು ಬೆರಳಷ್ಟು ಉಳಿದಿದೆ. ಮುಚ್ಚಳಕ್ಕೆ ಟೇಪ್ ಸುತ್ತಿ ‘ಮುಟ್ಟಬೇಡಿ’ ಎಂದು ಬರೆದು ಅಲ್ಲೇ ಇಟ್ಟೆ. ಸಿಂಕಿಗೆ ಸುರಿದುಬಿಟ್ಟಿದ್ದರೂ ಆಗುತ್ತಿತ್ತು — ಅರ್ಧ ನಿಮಿಷ ಕೈ ಅಲ್ಲೇ ಇತ್ತು. ಬರೆದಿಡುತ್ತೇನೆ, ಆಮೇಲೆ ನನ್ನನ್ನು ನಾನೇ ದೊಡ್ಡವಳು ಎಂದುಕೊಳ್ಳಬಾರದು.

ಮಾರ್ಚ್ ೨೬

ಹೇಳಲಿಲ್ಲ. ಗುಬ್ಬಿಗೆ ನೆಗಡಿ.

ಮಾರ್ಚ್ ೨೭

ಹೇಳಲಿಲ್ಲ. ಪ್ರೊಫೆಸರ್ ಊರಲ್ಲಿರಲಿಲ್ಲ. ಫೋನ್ ಇತ್ತು.

ಕಾಲಿಗೆ ಚಕ್ರ ಕಟ್ಟಿದ ಹಾಗೆ ಬಸವನಹುಳುಗಳ ಕೋಣೆಗೂ ಮೈಕ್ರೋಸ್ಕೋಪಿಗೂ ಓಡಾಡುತ್ತಿದ್ದೇನೆ. ತೊಟ್ಟಿಗಳೆಲ್ಲ ಫಳಫಳ. ಮೂರು ಸಲ ತೊಳೆದೆ.

ಹೇಳಿದರೆ — ಗುಬ್ಬಿಯ ಲೇಖನ ಹೋಯಿತು, ಮೇ ಬಂತು, ಅವಳ ಕೈ ಖಾಲಿ. ಹೇಳದಿದ್ದರೆ — ಇನ್ನೆಲ್ಲೋ ಇನ್ಯಾರೋ ಇದನ್ನೇ ಮಾಡಿ ನೋಡುತ್ತಾರೆ, ಮೊಟ್ಟೆ ಬರುವುದಿಲ್ಲ, ಸುಳ್ಳುಗಾರ್ತಿ ಎನ್ನಿಸಿಕೊಳ್ಳುವವಳು ಅವಳು. ನಾನಲ್ಲ. ನನ್ನ ಹೆಸರು ಲೇಖನದಲ್ಲೇ ಇರುವುದಿಲ್ಲ.

ಇನ್ನೂ ಒಂದಿದೆ. ಅದನ್ನೂ ಹೇಳಿಬಿಡಲಿ. ಅದು ನಿಜವಾಗಿದ್ದರೆ ಚೆನ್ನಾಗಿತ್ತು. ಒಂದು ವಾರ ಆ ಹದಿಮೂರು ಹುಳುಗಳನ್ನು ನೋಡಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಯಾರ ಅಪ್ಪಣೆಯೂ ಬೇಡ, ನೋಡಿ ಎಂದು. ಕೊನೆಗೆ ನೋಡಿದರೆ ಇದೆಲ್ಲ ಆದದ್ದೇ ಅವರು ಕರೆದರು ಎಂದು ನಾನು ಓಡಿದ್ದರಿಂದ. ಇದನ್ನು ಯಾರ ಮುಂದೆ ಹೇಳಲಿ?

ಮಾರ್ಚ್ ೩೦, ಸೋಮವಾರ. ೧:೩೦

ಹೇಳಿದೆ. ಗುಬ್ಬಿಗೆ ಮೊದಲು. ಅವಳಿಗೇ ಮೊದಲು ಗೊತ್ತಾಗಬೇಕು.

ಕೊನೆಯ ಪುಟ ತಿದ್ದುತ್ತಿದ್ದಳು. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ.

“ಆ ಮೊಟ್ಟೆ ನನ್ನ ತಪ್ಪಿನಿಂದ ಬಂದಿದ್ದು ಕಣೇ.”

“ಅಂದ್ರೆ?”

ಹೇಳಿದೆ. ಬಾಟಲಿ, ಡ್ರಾಪರ್, ತಟ್ಟೆಗಳ ಕ್ರಮ. ಅವಳು ಲ್ಯಾಬ್ ಪುಸ್ತಕ ಎಳೆದುಕೊಂಡು ಮಾರ್ಚ್ ೫ರ ಸಾಲು ತೆಗೆದಳು.

“ಪುಸ್ತಕದಲ್ಲಿ ಟಿಕ್ ಇದೆಯಲ್ಲ.”

“ಬೆಳಗ್ಗೆಯೇ ಹಾಕಿದ್ದು.”

“ದಿನಾ ಹಾಗೇನಾ?”

ಅವತ್ತೊಂದೇ ದಿನ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು.

“ದಿನಾ.”

“ನಾಳೆ ಕಳಿಸ್ಬೇಕು ಅಕ್ಕ. ನಾಳೆ. ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ?”

“ಗೊತ್ತಾಗಿ ಆರು ದಿನ ಆಯ್ತು.”

“ಆರು ದಿನ.” ಜೋರಾಗಿ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. “ನಾನು ಈ ಆರು ದಿನ ನಿದ್ದೆ ಮಾಡಿಲ್ಲ ಅಕ್ಕ, ಇದನ್ನ ಬರೀತಾ. ನೀವು ನಂಗೆ ಟೀ ತಂದು ಕೊಡ್ತಿದ್ರಿ.”

ಕೊಟ್ಟಿದ್ದೆ. ದಿನಾ ಎರಡು ಸಲ.

ಎದ್ದು ಹೋದಳು. ಅವಳ ಬ್ಯಾಗು ಕುರ್ಚಿಯ ಮೇಲೇ ಇದೆ.

ಮಾರ್ಚ್ ೩೧, ಮಂಗಳವಾರ

ಪ್ರೊಫೆಸರ್ ಕೂತೇ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಲೇಖನ ನಿಲ್ಲಿಸ್ತೀನಿ. ಅದು ಇರಲಿ. ಹದಿನಾರು ವರ್ಷ ನಿಮ್ಮ ಪುಸ್ತಕಕ್ಕೆ ಓದದೇ ಸಹಿ ಹಾಕಿದೀನಿ. ಈಗ ಹಿಂದಿನದ್ದರಲ್ಲಿ ಯಾವುದನ್ನ ನಂಬಲಿ ಹೇಳಿ.”

ಬೈದಿದ್ದರೆ ಅಳು ಬರುತ್ತಿರಲಿಲ್ಲ. ಅವರ ಎದುರಿಗೇ ಅತ್ತೆ, ಅದೊಂದು ಬಾಕಿ ಇತ್ತು.

ತಪ್ಪೊಪ್ಪಿಗೆಯ ಫಾರಂ ಕೊಟ್ಟರು. ತಾರೀಕು, ನಡೆದದ್ದು, ಕಾರಣ. ಮೊದಲೆರಡು ತುಂಬಿದೆ. ಕಾರಣದ ಹತ್ತಿರ ಪೆನ್ನು ನಿಂತಿತು. ‘ಆತುರ’ ಎಂದು ಬರೆದೆ.

“ಯಾಕೆ ಆತುರ?”

“ಮನೆ ವಿಷಯ ಸರ್.”

ನನ್ನ ಮುಖ ನೋಡಿದರು. ಫಾರಂ ಪೂರ್ತಿ ಓದಿ ಸಹಿ ಹಾಕಿದರು. “ಇನ್ನು ಮೇಲೆ ಟಿಕ್ ಬೇಡ. ಒಂದೊಂದು ಕೆಲಸಕ್ಕೂ ಗಂಟೆ ನಿಮಿಷ ಬರೀರಿ” ಎಂದರು. ಕೆಲಸಕ್ಕೆ ಬರಬೇಡಿ ಎನ್ನಲಿಲ್ಲ. ಬನ್ನಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಏಪ್ರಿಲ್ ೬, ಸೋಮವಾರ. ೧೧:೦೦

ಏಳು ದಿನದಿಂದ ಗುಬ್ಬಿ ನನ್ನ ಹತ್ತಿರ ಮಾತಾಡಿಲ್ಲ. ಟೀ ಇಟ್ಟರೆ ತಣ್ಣಗಾಗುತ್ತದೆ. ನಾನೂ ಹಲ್ಲು ಕಚ್ಚಿಕೊಂಡು ಇಡುತ್ತಲೇ ಇದ್ದೇನೆ.

ಈಗ ಬಂದಳು. ಕೂರಲಿಲ್ಲ. ಕೈಯಲ್ಲಿ ‘ಮುಟ್ಟಬೇಡಿ’ ಬಾಟಲಿ.

“ಅವತ್ತು ಡ್ರಾಪರನ್ನ ನೀರಿಗೆ ಎಷ್ಟು ಸಲ ಅದ್ದಿದ್ರಿ? ಒಂದೊಂದು ಗುಳಿಗೆ?”

“ಮೂರು ಸಲ ಅದ್ದೋ ಅಭ್ಯಾಸ.”

“ಅಭ್ಯಾಸ ಕೇಳಿಲ್ಲ. ಅವತ್ತು.”

ಕಣ್ಣು ಮುಚ್ಚಿ ನೆನಪಿಸಿಕೊಂಡೆ. “ಒಂದು ಸಲ. ಕೆಲವಕ್ಕೆ ಅದೂ ಇಲ್ಲ.”

“ಸೋಸಿಲ್ಲ. ಹೆಪ್ಪುಗಟ್ಟಿಸಿಲ್ಲ.”

“ಇಲ್ಲ.”

“ನಾನು ನಾಲ್ಕು ವರ್ಷ ಸೋಸಿದೀನಿ.” ಬಾಟಲಿಯನ್ನು ಬೆಳಕಿಗೆ ಹಿಡಿದಳು. “ಗಂಡು ಬಿಡೋ ರಾಸಾಯನಿಕ ಸೋಸೋ ಕಾಗದಕ್ಕೇ ಅಂಟಿಕೊಂಡು ಹೋಗ್ತಿತ್ತೇನೋ. ಈ ಬಾಟಲಿಯಲ್ಲಿ ಒಂದು ಗಂಡೂ ಇರ್ಲಿಲ್ಲ. ಗಂಡು ಮುಟ್ಟೋದೂ ಬೇಕಾಗ್ಲಿಲ್ಲ. ಆದ್ರೂ ಹದಿಮೂರು ಹೆಣ್ಣು ಬೆಳೆದ್ವು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಹುಡುಕುತ್ತಿದ್ದದ್ದು ಇದರೊಳಗೆ ಇರಬಹುದು. ಇರದೆಯೂ ಇರಬಹುದು.

“ಗುರುವಾರ ಮತ್ತೆ ಮಾಡಬೇಕು. ಹೊಸ ಬಾಟಲಿ. ಅವತ್ತು ಮಾಡಿದ ಹಾಗೇ, ತಪ್ಪು ತಪ್ಪಾಗಿ. ಮಾಡ್ತೀರಾ?”

“ಮಾಡ್ತೀನಿ.”

“ನಂಗಿನ್ನೂ ಸಿಟ್ಟಿದೆ” ಎಂದಳು. ಟೀ ಎತ್ತಿಕೊಂಡು ಹೋದಳು.

ಏಪ್ರಿಲ್ ೯, ಗುರುವಾರ. ೧೨:೪೫

ತಪ್ಪು ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಗುಬ್ಬಿ ಮೊಬೈಲಿನಲ್ಲಿ ಸಮಯ ಹಿಡಿದು ನಿಂತಿದ್ದಳು. ಗಂಡುಗಳ ತಟ್ಟೆ ಮೊದಲು, ಡ್ರಾಪರ್ ನೇರ ಬಾಟಲಿಗೆ. ಕೈ ಕೇಳಲಿಲ್ಲ. ಒಂದು ಸಲ ಅದ್ದು ಎಂದರೆ ತನ್ನಷ್ಟಕ್ಕೆ ಮೂರು ಸಲ ಅದ್ದುತ್ತದೆ.

“ನಲವತ್ತು ನಿಮಿಷ ಆಯ್ತು ಅಕ್ಕ. ಅವತ್ತು ಎರಡೂ ತಟ್ಟೆ ಸೇರಿ ಅರ್ಧ ಗಂಟೇಲಿ ಮುಗಿಸಿದೀರಿ. ಅವತ್ತಿನ ಆತುರ ತಂದ್ಕೊಳ್ಳಿ.”

“ಎಲ್ಲಿಂದ ತರ್ಲಿ?”

“ಅವತ್ತು ಎಲ್ಲಿಂದ ಬಂದಿತ್ತು?”

ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಮೆಸೇಜು, ಮೆಟ್ಟಿಲು, ಡ್ರಿಲ್ ಮೆಷಿನ್. ಡ್ರಿಲ್ ಎಂದಾಗ ಅವಳಿಗೆ ನಗು ಬಂತು, ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನಾನೂ ನಕ್ಕೆ. ಹತ್ತು ದಿನದ ಗಂಟು ಬಿಚ್ಚಿತು. ನಗುತ್ತ ನಗುತ್ತಲೇ ಹೇಗೋ ಹಾಳು ಮಾಡಿ ಮುಗಿಸಿದೆವು. ಬಾಟಲಿಗೆ ಕೆಂಪು ಟೇಪ್. ಹತ್ತು ದಿನ ಕಾಯಬೇಕು.

೩:೨೦

ಮೆಸೇಜು. ‘ನಾಲ್ಕಕ್ಕೆ ಕೆಳಗೆ ಇರ್ತೀನಿ. ಮಾತಾಡ್ಬೇಕು. ಡ್ರಿಲ್ ವಿಷಯ ಅಲ್ಲ.’

ಬಾಚಣಿಗೆಗೆ ಕೈ ಹೋಯಿತು. ಸುಳ್ಳು ಯಾಕೆ ಬರೆಯಲಿ.

ಗುಬ್ಬಿ ನನ್ನ ಮುಖ ನೋಡಿದಳು, ಮೊಬೈಲ್ ನೋಡಿದಳು.

“ಹೋಗಿ ಅಕ್ಕ. ದಿನದ ತಟ್ಟೆ ನಾನು ಮಾಡ್ತೀನಿ.”

“ಬೇಡ. ಪುಸ್ತಕದಲ್ಲಿ ನನ್ನ ಹೆಸರಿದೆ.”

೪:೦೫

ಕಿಟಕಿಯಿಂದ ಕಾಣುತ್ತಿದ್ದಾರೆ. ಸೈಕಲ್ ಸ್ಟ್ಯಾಂಡಿನ ಹತ್ತಿರ, ಅದೇ ಯೂನಿಫಾರಂ. ಒಂದು ಸಲ ಮೇಲೆ ನೋಡಿದರು. ಕಂಡೆನೋ ಇಲ್ಲವೋ. ಕೆಳಗೆ ಇಳಿದು ಏನು ಹೇಳುತ್ತೇನೆ, ನನಗೇ ಗೊತ್ತಿಲ್ಲ. ಬೇಕು ಎನಿಸುತ್ತಿದೆ. ಬೇಡ ಎನಿಸುತ್ತಿದೆ. ಎರಡೂ ನನ್ನದೇ. ಬಾಟಲಿಯಿಂದ ಬಂದದ್ದಲ್ಲ.

ಆತುರ ಹತ್ತಿತ್ತು, ಅದಕ್ಕೇ ಇಷ್ಟು ಬರೆಯಲು ಕೂತೆ. ಈಗ ಇಳಿದಿದೆ. ಪುಸ್ತಕದಲ್ಲಿ ಇವತ್ತಿನ ಸಾಲಿನಲ್ಲಿ ಸದ್ಯಕ್ಕೆ ಒಂದೇ ನಮೂದು ಇದೆ. ಬೀಕರಿಗೆ ಸುರಿದುಕೊಂಡಿದ್ದೇನೆ: ೪:೦೩. ಮೊದಲು ಹೆಣ್ಣುಗಳು. ಇಪ್ಪತ್ತನಾಲ್ಕು ಗುಳಿ, ಒಂದೊಂದಕ್ಕೆ ಮೂರು ಸಲ ಡ್ರಾಪರ್ ತೊಳೆದು. ಆಮೇಲೆ ಗಂಡುಗಳು. ಆಮೇಲೆ ಉಳಿದದ್ದು ಸಿಂಕಿಗೆ. ಆಮೇಲೆ ಗಂಟೆ ನಿಮಿಷ ಬರೆದು, ಕೈ ತೊಳೆದು, ಮೆಟ್ಟಿಲು ಒಂದೊಂದೇ ಇಳಿದು —